ಹತ್ತು ಸಾವಿರದ ಆಸುಪಾಸಿನಲ್ಲಿ ಕ್ಯಾಮೆರಾ ಫ್ಲ್ಯಾಶ್: ಯಾರಿಗೆ ಯಾವುದು?

ಕ್ಯಾಮೆರಾದ ನೆತ್ತಿಯಿಂದ ಪುಟಿದೇಳುವ ಪುಟ್ಟ ಫ್ಲ್ಯಾಶ್‌ನಲ್ಲಿ ತೆಗೆದ ಚಿತ್ರ ಹೇಗಿರುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಣೆ ಮತ್ತು ಮೂಗು ಬೆವರಿಲ್ಲದಿದ್ದರೂ ಹೊಳೆಯುತ್ತವೆ, ಕಣ್ಣುಗಳು ಕೆಂಪಾಗುತ್ತವೆ, ಹಿಂದಿನ ಗೋಡೆಯ ಮೇಲೆ ತಲೆಯ ಕಪ್ಪು ನೆರಳು ಅಂಟಿಕೊಂಡಿರುತ್ತದೆ. ಬೆಳಕು ಸಾಲದೆ ಹೀಗಾಯಿತು ಎಂದುಕೊಂಡು ಇನ್ನೂ ಜೋರಾದ ಫ್ಲ್ಯಾಶ್ ಹುಡುಕಲು ಹೊರಡುವವರೇ ಹೆಚ್ಚು. ತೊಂದರೆ ಇರುವುದು ಬೆಳಕಿನ ಪ್ರಮಾಣದಲ್ಲಲ್ಲ, ಅದು ಬರುವ ದಿಕ್ಕಿನಲ್ಲಿ. ಲೆನ್ಸ್‌ನ ಪಕ್ಕದಿಂದಲೇ, ಎರಡು ಬೆರಳಗಲದ ಜಾಗದಿಂದ, ಎದುರಿಗಿದ್ದವರ ಮುಖಕ್ಕೆ ನೇರವಾಗಿ ಬಡಿಯುವ ಬೆಳಕು ಎಷ್ಟು ಜೋರಾಗಿದ್ದರೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಕಡಿಮೆ ಬೆಲೆಯ ಫ್ಲ್ಯಾಶ್ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಬ್ರ್ಯಾಂಡ್ ಯಾವುದು ಎಂದಲ್ಲ. ಅದರ ತಲೆ ಯಾವ ಯಾವ ಕಡೆಗೆ ತಿರುಗುತ್ತದೆ, ಅದನ್ನು ಕ್ಯಾಮೆರಾದಿಂದ ಕಳಚಿ ದೂರದಲ್ಲಿಟ್ಟು ಉರಿಸಬಹುದೇ ಎಂದು ಕೇಳುತ್ತೇನೆ.

ಆದರೆ ಅದಕ್ಕೂ ಮೊದಲು ನಿಮ್ಮ ಕ್ಯಾಮೆರಾವನ್ನೇ ಕೈಗೆತ್ತಿಕೊಂಡು ನೋಡುವ ಒಂದು ಕೆಲಸವಿದೆ.

ಹಾಟ್ ಶೂ ಪರೀಕ್ಷೆ

ಫ್ಲ್ಯಾಶ್ ಕೂರಿಸುವ ಹಾಟ್ ಶೂ ಒಳಗೆ ಲೋಹದ ಚುಕ್ಕೆಗಳಿರುತ್ತವೆ. ನಟ್ಟನಡುವೆ ಇರುವ ದೊಡ್ಡ ಚುಕ್ಕೆ ‘ಈಗ ಉರಿ’ ಎಂಬ ಸೂಚನೆ ಕೊಡುತ್ತದೆ. ಸುತ್ತಲಿನ ಸಣ್ಣ ಚುಕ್ಕೆಗಳು ಎಷ್ಟು ಬೆಳಕು ಬೇಕು, ಲೆನ್ಸ್ ಎಷ್ಟು ಜೂಮ್ ಆಗಿದೆ ಎಂಬಂಥ ಮಾತುಕತೆಗೆ. ಶಕ್ತಿಯನ್ನು ನಾವೇ ಕೈಯಾರೆ ಇಡುವ ಮ್ಯಾನುಯಲ್ ಫ್ಲ್ಯಾಶ್‌ಗಳಿಗೆ ಆ ನಡುವಿನ ಚುಕ್ಕೆಯೊಂದಿದ್ದರೆ ಸಾಕು. ಹೀಗಾಗಿಯೇ ಅವು ‘ಎಲ್ಲ ಕ್ಯಾಮೆರಾಕ್ಕೂ ಆಗುತ್ತವೆ’ ಎಂಬ ಮಾತಿನೊಂದಿಗೆ ಮಾರಾಟವಾಗುತ್ತವೆ.

ಎಲ್ಲ ಕ್ಯಾಮೆರಾಕ್ಕೂ ಆಗುವುದಿಲ್ಲ. ನಮ್ಮಲ್ಲಿ ಬಹಳ ಮಂದಿ ಕೊಂಡಿರುವ ಕ್ಯಾನನ್ 200ಡಿ ಮಾರ್ಕ್ 2ರ ಶೂನಲ್ಲಿ ಆ ನಡುವಿನ ಚುಕ್ಕೆಯೇ ಇಲ್ಲ. 1500ಡಿ, 3000ಡಿ ಇಟ್ಟುಕೊಂಡವರೂ ಬೆಳಕಿಗೆ ಹಿಡಿದು ನೋಡಿಕೊಳ್ಳಬೇಕು. ನಡುವೆ ಬರಿಯ ಪ್ಲಾಸ್ಟಿಕ್ ಕಂಡರೆ ಸಾಮಾನ್ಯ ಮ್ಯಾನುಯಲ್ ಫ್ಲ್ಯಾಶ್ ಅದರ ಮೇಲೆ ಕೂರುತ್ತದೆ, ಆದರೆ ಉರಿಯುವುದಿಲ್ಲ. ಅಂಥವರಿಗೆ ಉಳಿಯುವುದು ಎರಡು ದಾರಿ. ಒಂದು, ಕ್ಯಾನನ್‌ಗೆಂದೇ ತಯಾರಾದ ಟಿಟಿಎಲ್ ಫ್ಲ್ಯಾಶ್ (ಶಕ್ತಿಯನ್ನು ಕ್ಯಾಮೆರಾವೇ ನಿರ್ಧರಿಸುವಂಥದ್ದು) ಅಥವಾ ಟ್ರಿಗರ್ (ದೂರದ ಫ್ಲ್ಯಾಶ್‌ಗೆ ರೇಡಿಯೋದಲ್ಲಿ ಸೂಚನೆ ಕಳಿಸುವ ಸಾಧನ) ಕೊಳ್ಳುವುದು, ಅದನ್ನೂ ಅಂಗಡಿಯಲ್ಲಿ ನಿಮ್ಮದೇ ಬಾಡಿಯ ಮೇಲೆ ಉರಿಸಿ ನೋಡಿದ ಮೇಲೆ. ಇನ್ನೊಂದು ಖರ್ಚಿಲ್ಲದ ಉಪಾಯ: ಮ್ಯಾನುಯಲ್ ಫ್ಲ್ಯಾಶ್ ಅನ್ನು ಕೈಯಲ್ಲೋ ಸ್ಟ್ಯಾಂಡ್ ಮೇಲೋ ಹಿಡಿದು, ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಮಿಂಚಿದಾಗ ಆ ಬೆಳಕನ್ನು ಕಂಡು ತಾನೂ ಮಿಂಚುವಂತೆ ಅದನ್ನು ಸ್ಲೇವ್ ಮೋಡ್‌ನಲ್ಲಿಡುವುದು. ಫ್ಲ್ಯಾಶ್ ಮೇಲೆ ಎಸ್1, ಎಸ್2 ಎಂದು ಬರೆದಿರುವುದು ಇದಕ್ಕೇ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಅಳತೆಗಾಗಿ ಮೊದಲೊಂದು ಸಣ್ಣ ಮಿಂಚು ಬಿಡುತ್ತದೆ; ಎಸ್2 ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಿಜವಾದ ಮಿಂಚಿಗೆ ಕಾಯುತ್ತದೆ. ಕೋಣೆಯೊಳಗೆ ಇದು ಚೆನ್ನಾಗಿ ನಡೆಯುತ್ತದೆ, ಬಿಸಿಲಿನಲ್ಲಿ ಕೈಕೊಡುತ್ತದೆ.

ಸೋನಿಯವರ ಶೂ ಮತ್ತೊಂದು ಬಗೆಯದು. 2012ರಿಂದೀಚೆಗಿನ ಅವರ ಕ್ಯಾಮೆರಾಗಳಲ್ಲಿರುವ ‘ಮಲ್ಟಿ ಇಂಟರ್‌ಫೇಸ್’ ಶೂಗೆ ಹೊಂದುವ ಮಾದರಿಯನ್ನೇ ಕೇಳಿ ಪಡೆಯಬೇಕು. ಗೊಡಾಕ್ಸ್‌ನಂಥ ಕಂಪನಿಗಳ ಟಿಟಿಎಲ್ ಫ್ಲ್ಯಾಶ್ ಹೆಸರಿನ ಕೊನೆಯ ಅಕ್ಷರ ಇದನ್ನು ಹೇಳುತ್ತದೆ: ಸಿ ಎಂದರೆ ಕ್ಯಾನನ್, ಎನ್ ಎಂದರೆ ನಿಕಾನ್, ಎಸ್ ಎಂದರೆ ಸೋನಿ, ಎಫ್ ಎಂದರೆ ಫ್ಯೂಜಿ. ಆನ್‌ಲೈನ್‌ನಲ್ಲಿ ಈ ಒಂದಕ್ಷರ ತಪ್ಪಿ ವಾಪಸ್ ಹೋಗುವ ಪೆಟ್ಟಿಗೆಗಳಿಗೆ ಲೆಕ್ಕವಿರಲಾರದು.

ತಿರುಗದ ತಲೆಗೆ ದುಡ್ಡು ಹಾಕಬೇಡಿ

ಸಾವಿರ, ಒಂದೂವರೆ ಸಾವಿರಕ್ಕೆ ಸಿಗುವ, ಮುಂದಕ್ಕಷ್ಟೇ ಮುಖಮಾಡಿ ನಿಂತಿರುವ ಸಣ್ಣ ಫ್ಲ್ಯಾಶ್‌ಗಳಿವೆ. ನಿಮ್ಮ ಕ್ಯಾಮೆರಾದಲ್ಲಿ ಈಗಾಗಲೇ ಇರುವುದಕ್ಕಿಂತ ಅವು ಮಾಡುವ ಉಪಕಾರ ಬಹಳ ಕಡಿಮೆ. ಎರಡು ಬಗೆಯ ಚಲನೆ ಇರಲೇಬೇಕು: ತಲೆ ಮೇಲಕ್ಕೆ ಏಳಬೇಕು, ಜೊತೆಗೆ ಎಡಬಲಕ್ಕೂ ತಿರುಗಬೇಕು. ಮೇಲಕ್ಕೆ ಮಾತ್ರ ಏಳುವ ಫ್ಲ್ಯಾಶ್ ಕ್ಯಾಮೆರಾವನ್ನು ಅಡ್ಡ ಹಿಡಿದಾಗ ಸರಿ. ಪೂರ್ಣ ಆಳಿನ ಚಿತ್ರಕ್ಕೆಂದು ಉದ್ದಕ್ಕೆ ತಿರುಗಿಸಿದ ಕೂಡಲೇ ಬೆಳಕು ಪಕ್ಕದ ಗೋಡೆಗೆ ಹೋಗುತ್ತದೆ.

ತಲೆಯನ್ನು ಛಾವಣಿಗೆ ತಿರುಗಿಸಿದರೆ ಏನಾಗುತ್ತದೆ? ಬಿಳಿ ಸುಣ್ಣ ಬಳಿದ ತಾರಸಿ ಮನೆಯ ಕೋಣೆಯಲ್ಲಿ ಬೆಳಕು ಮೇಲೆ ಹೋಗಿ, ಮೀಟರುಗಟ್ಟಲೆ ಅಗಲಕ್ಕೆ ಹರಡಿ, ಮೆತ್ತಗೆ ಕೆಳಗಿಳಿಯುತ್ತದೆ. ನಾಮಕರಣದ ತೊಟ್ಟಿಲ ಸುತ್ತ ನಿಂತ ಹತ್ತು ಮಂದಿಯ ಮುಖದ ಮೇಲೂ ಹೆಚ್ಚುಕಡಿಮೆ ಒಂದೇ ಬೆಳಕು. ಮಗುವಿನ ಕಣ್ಣಿಗೆ ನೇರ ಮಿಂಚು ಬಡಿಯುವುದೂ ತಪ್ಪುತ್ತದೆ. ತಲೆಯನ್ನು ಸ್ವಲ್ಪ ಹಿಂದಕ್ಕೆ, ನಿಮ್ಮ ಹೆಗಲ ಮೇಲಿನಿಂದ ಹಾಯುವಂತೆ ತಿರುಗಿಸಿದರೆ ಇನ್ನೂ ಚೆಂದ. ನೇರ ಮೇಲಿಂದ ಬಿದ್ದ ಬೆಳಕು ಕಣ್ಣಿನ ಗುಳಿಯಲ್ಲಿ ನೆರಳು ಬಿಡುತ್ತದೆ. ಹಿಂದಿನ ಗೋಡೆಗೂ ತಾಗಿ ಬಂದ ಬೆಳಕು ಅದನ್ನು ತುಂಬುತ್ತದೆ.

ಮಲೆನಾಡು, ಕರಾವಳಿಯವರಿಗೆ ಬೇರೆಯೇ ಸಂಕಟ. ಮಂಗಳೂರು ಹೆಂಚಿನ ಮನೆಯಲ್ಲಿ ಛಾವಣಿಗೆ ಹೊಡೆದ ಬೆಳಕಿನ ಬಹುಪಾಲನ್ನು ಹೆಂಚು ಮತ್ತು ಪಕಾಸು ನುಂಗಿಬಿಡುತ್ತವೆ; ಮರಳಿ ಬಂದಷ್ಟೂ ಕೆಂಪಾಗಿರುತ್ತದೆ, ಮುಖಗಳಿಗೆ ಇಟ್ಟಿಗೆಯ ಬಣ್ಣ ಬರುತ್ತದೆ. ಅಂಥ ಕಡೆ ಛಾವಣಿಯನ್ನು ಮರೆತು ಬಿಳಿ ಗೋಡೆ ಹುಡುಕಿ. ಗೋಡೆಯೂ ಹಸಿರೋ ನೀಲಿಯೋ ಆಗಿದ್ದರೆ ಒಂದು ಬಿಳಿ ಥರ್ಮೋಕೋಲ್ ಹಾಳೆ ಸಾಕು: ಮನೆಯವರೊಬ್ಬರ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿ, ಅದಕ್ಕೆ ಫ್ಲ್ಯಾಶ್ ತಿರುಗಿಸಿ. ಶಾಮಿಯಾನದ ಕೆಳಗೂ ಇದೇ ಮಾತು. ಹಳದಿ ಬಟ್ಟೆಗೆ ಹೊಡೆದ ಬೆಳಕು ಹಳದಿಯಾಗಿಯೇ ಇಳಿಯುತ್ತದೆ. ಫ್ಲ್ಯಾಶ್ ಜೊತೆ ಬರುವ ಬಿಳಿ ಪ್ಲಾಸ್ಟಿಕ್ ಟೋಪಿ ಇದಕ್ಕೆಲ್ಲ ಪರಿಹಾರವಲ್ಲ; ಬಯಲಿನಲ್ಲಿ ಅದು ಬೆಳಕನ್ನು ತಿನ್ನುವುದು ಬಿಟ್ಟರೆ ಹೆಚ್ಚೇನೂ ಮಾಡುವುದಿಲ್ಲ.

ಪೆಟ್ಟಿಗೆಯ ಮೇಲಿನ ಗೈಡ್ ನಂಬರ್

ಫ್ಲ್ಯಾಶ್‌ನ ಶಕ್ತಿಯನ್ನು ಗೈಡ್ ನಂಬರ್‌ನಿಂದ ಹೇಳುತ್ತಾರೆ. ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100ರಲ್ಲಿ ಆ ಸಂಖ್ಯೆಯನ್ನು ಮೀಟರ್‌ಗಳಲ್ಲಿನ ದೂರದಿಂದ ಭಾಗಿಸಿದರೆ ಇಡಬೇಕಾದ ಅಪರ್ಚರ್, ಅಂದರೆ ಲೆನ್ಸ್‌ನ ಕಿಂಡಿಯ ಅಳತೆ, ಸಿಗುತ್ತದೆ. ಗೈಡ್ ನಂಬರ್ 40 ಆಗಿ, ಎದುರಿನವರು 5 ಮೀಟರ್ ದೂರದಲ್ಲಿದ್ದರೆ ಎಫ್/8. ಲೆಕ್ಕ ಸರಳ, ಆದರೆ ಮಾರುವವರ ಜಾಣತನ ಇನ್ನೊಂದು ಕಡೆ ಅಡಗಿದೆ. ಟಾರ್ಚ್‌ನ ಮೂತಿ ತಿರುಗಿಸಿ ಬೆಳಕನ್ನು ಕಿರಿದಾಗಿಸಿದಂತೆ ಫ್ಲ್ಯಾಶ್‌ನ ತಲೆಯೂ ಜೂಮ್ ಆಗುತ್ತದೆ, ಕಿರಿದಾದಷ್ಟೂ ಸಂಖ್ಯೆ ಹಿಗ್ಗುತ್ತದೆ. ಗೊಡಾಕ್ಸ್ ಟಿಟಿ600ರ ಮೇಲೆ 60 ಎಂದಿದೆ; ಅದು 200 ಮಿ.ಮೀ. ಜೂಮ್‌ನಲ್ಲಿ. ಯಾಂಗ್‌ನುವೊ ವೈಎನ್560 ಐವಿಯ 58 ಇರುವುದು 105 ಮಿ.ಮೀ.ನಲ್ಲಿ. ನಿಕಾನ್‌ನವರು ತಮ್ಮ ಎಸ್‌ಬಿ-700ಕ್ಕೆ ಬರೆದುಕೊಂಡಿರುವುದು ಬರಿಯ 28, ಏಕೆಂದರೆ ಅವರು ಅಳೆದದ್ದು 35 ಮಿ.ಮೀ.ನಲ್ಲಿ. ಅರವತ್ತು ದೊಡ್ಡದು, ಇಪ್ಪತ್ತೆಂಟು ಸಣ್ಣದು ಎಂದು ಈ ಮೂರನ್ನು ಅಕ್ಕಪಕ್ಕ ಇಟ್ಟು ತೀರ್ಮಾನಿಸಿದರೆ ಮೋಸ ಹೋದಂತೆಯೇ.

ನಿಜವಾಗಿ ಎಷ್ಟು ಬೇಕು? ಕೋಣೆಯ ಛಾವಣಿ 3 ಮೀಟರ್ ಎತ್ತರ, ಎದುರಿನವರು 3 ಮೀಟರ್ ದೂರ ಎಂದುಕೊಳ್ಳಿ. ಕಣ್ಣಿನ ಎತ್ತರದಿಂದ ಮೇಲೆ ಹೋಗಿ ಕೆಳಗಿಳಿಯುವ ಬೆಳಕಿನ ದಾರಿ ಸುಮಾರು ನಾಲ್ಕೂಕಾಲು ಮೀಟರ್. ಗೈಡ್ ನಂಬರ್ 40 ಎಂದು ಹಿಡಿದರೆ ಎಫ್/9ರ ಆಸುಪಾಸು ಬರುತ್ತದೆ. ಛಾವಣಿಯಲ್ಲಿ ಹರಡಿ ಕಳೆದುಹೋಗುವುದಕ್ಕೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಕಳೆಯಿರಿ, ಎಫ್/4.5 ಉಳಿಯಿತು. ಅಂದರೆ ಐಎಸ್ಒ 100ರಲ್ಲಿ ಪೂರ್ತಿ ಶಕ್ತಿ ಬೇಕು, ಐಎಸ್ಒ 400ಕ್ಕೆ ಏರಿಸಿದರೆ ಕಾಲು ಭಾಗ ಸಾಕು. ಇನ್ನು ಕಲ್ಯಾಣ ಮಂಟಪಕ್ಕೆ ಬನ್ನಿ. ಛಾವಣಿ 7 ಮೀಟರ್ ದಾಟಿದರೆ ಬೆಳಕಿನ ದಾರಿ 12 ಮೀಟರ್ ಆಗುತ್ತದೆ; ಐಎಸ್ಒ 1600, ಎಫ್/4 ಇಟ್ಟರೂ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಛಾವಣಿಗೆ ಕಪ್ಪು ಬಣ್ಣವೋ ಅಲಂಕಾರದ ಬಟ್ಟೆಯೋ ಇದ್ದರೆ ಆ ದಾರಿಯೂ ಮುಚ್ಚಿತು.

ಶಕ್ತಿ ಹೆಚ್ಚಿರುವುದರ ನಿಜವಾದ ಲಾಭ ದೂರಕ್ಕಲ್ಲ, ವೇಗಕ್ಕೆ. ಪೂರ್ತಿ ಶಕ್ತಿಯಲ್ಲಿ ಒಮ್ಮೆ ಉರಿದ ಟಿಟಿ600 ಮತ್ತೆ ಸಿದ್ಧವಾಗಲು, ಒಳ್ಳೆಯ ಸೆಲ್ ಹಾಕಿದಾಗಲೂ, ಎರಡೂವರೆ ಸೆಕೆಂಡಿನ ಹತ್ತಿರ ಬೇಕು. ಗಟ್ಟಿಮೇಳ ಎದ್ದು, ತಾಳಿಯ ಗಂಟು ಬೀಳುವ ಹೊತ್ತಿನಲ್ಲಿ ಎರಡೂವರೆ ಸೆಕೆಂಡು ಬಹಳ ದೀರ್ಘ: ಮೊದಲ ಚಿತ್ರದಲ್ಲಿ ಗಂಡಿನ ಕೈ ಮೇಲಿರುತ್ತದೆ, ಎರಡನೆಯದರಲ್ಲಿ ಪುರೋಹಿತರ ಮೊಣಕೈ ಅಡ್ಡ ಬಂದಿರುತ್ತದೆ, ನಡುವಿನದು ಕತ್ತಲೆ. ಕಾಲು ಶಕ್ತಿಯಲ್ಲಿ ಉರಿಸಿದರೆ ಅದೇ ಫ್ಲ್ಯಾಶ್ ಹಿಂದೆಹಿಂದೆಯೇ ಮೂರ್ನಾಲ್ಕು ಬಾರಿ ಮಿಂಚುತ್ತದೆ. ಹಾಗಾಗಿ ಐಎಸ್ಒ ಏರಿಸಲು ಹೆದರಬೇಡಿ. ಈಗಿನ ಸೆನ್ಸರ್‌ಗಳಿಗೆ 800 ಏನೂ ಭಾರವಲ್ಲ.

ಟಿಟಿಎಲ್‌ಗೆ ಹೆಚ್ಚು ಹಣ ಕೊಡಬೇಕೇ?

ಮ್ಯಾನುಯಲ್ ಫ್ಲ್ಯಾಶ್‌ನಲ್ಲಿ ಶಕ್ತಿಯನ್ನು ನೀವೇ ಇಡುತ್ತೀರಿ: ಪೂರ್ತಿ, ಅರ್ಧ, ಕಾಲು, ಹೀಗೆ 1/128ರವರೆಗೆ. ಟಿಟಿಎಲ್ ಇರುವುದರಲ್ಲಿ ಕ್ಯಾಮೆರಾ ಸಣ್ಣ ಮಿಂಚೊಂದನ್ನು ಬಿಟ್ಟು, ಲೆನ್ಸ್ ಮೂಲಕ ಮರಳಿದ ಬೆಳಕನ್ನು ಅಳೆದು, ತಾನೇ ಶಕ್ತಿ ನಿರ್ಧರಿಸುತ್ತದೆ. ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು.

ಎದುರಿನವರು ಒಂದೇ ಕಡೆ ಇದ್ದರೆ ಟಿಟಿಎಲ್ ಬೇಕಾಗಿಲ್ಲ. ಅಂಗಡಿಗೆ ಸೀರೆಯ ಚಿತ್ರ, ಮಾರಾಟಕ್ಕಿಟ್ಟ ಅಡಿಗೆ ಪದಾರ್ಥದ ಚಿತ್ರ, ಕೂರಿಸಿ ತೆಗೆಯುವ ಭಾವಚಿತ್ರ ಇವಕ್ಕೆಲ್ಲ ಒಂದೆರಡು ಬಾರಿ ಕ್ಲಿಕ್ಕಿಸಿ ಶಕ್ತಿ ಸರಿ ಮಾಡಿಕೊಂಡರೆ ಮತ್ತೆ ಮುಟ್ಟುವ ಕೆಲಸವಿಲ್ಲ. ಇಂಥಲ್ಲಿ ಮ್ಯಾನುಯಲ್ಲೇ ಮೇಲು, ಏಕೆಂದರೆ ಚಿತ್ರದಿಂದ ಚಿತ್ರಕ್ಕೆ ಬೆಳಕು ಕದಲುವುದಿಲ್ಲ. ಮೆರವಣಿಗೆ, ಆರತಕ್ಷತೆ, ಶಾಲಾ ವಾರ್ಷಿಕೋತ್ಸವದಂಥ ಕಡೆ ಮಾತ್ರ ಕತೆ ಬೇರೆ. ಈಗ ಎರಡು ಮೀಟರ್, ಮರುಕ್ಷಣ ಆರು ಮೀಟರ್. ದೂರ ದುಪ್ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕಿಳಿಯುತ್ತದೆ. ಪ್ರತಿ ಬಾರಿ ಬಟನ್ ಒತ್ತುತ್ತ ಕೂತರೆ ಕ್ಷಣ ಕಳೆದುಹೋಗುತ್ತದೆ. ಅಲ್ಲಿ ಟಿಟಿಎಲ್‌ಗೆ ಕೊಟ್ಟ ಹಣ ದಂಡವಲ್ಲ.

ಆದರೆ ಟಿಟಿಎಲ್ ಎಂದರೆ ಕಣ್ಣುಮುಚ್ಚಿ ನಂಬುವಂಥದ್ದೂ ಅಲ್ಲ. ಬಿಳಿ ಪಂಚೆ, ಬಿಳಿ ಶಲ್ಯ ಹೊದ್ದ ಮದುಮಗ ಚೌಕಟ್ಟು ತುಂಬಿದರೆ ‘ಬೆಳಕು ಹೆಚ್ಚಾಯಿತು’ ಎಂದು ಕ್ಯಾಮೆರಾ ಬೆದರಿ ಶಕ್ತಿ ಇಳಿಸುತ್ತದೆ, ಪಂಚೆ ಮಾಸಲು ಬೂದಿಯಾಗುತ್ತದೆ. ಜರಿ ತುಂಬಿದ ಸೀರೆಯೂ ಅದನ್ನು ಹೀಗೆಯೇ ಏಮಾರಿಸುತ್ತದೆ. ಕ್ಯಾಮೆರಾ ನಿರ್ಧರಿಸಿದ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಫ್ಲ್ಯಾಶ್ ಕಾಂಪನ್ಸೇಷನ್ ಅನ್ನು ಒಂದು ಸ್ಟಾಪ್ ಮೇಲಕ್ಕಿಟ್ಟರೆ ಸರಿಹೋಗುತ್ತದೆ. ಕರಿ ಕೋಟು ತೊಟ್ಟವರಿಗೆ ಇದರ ತಿರುವುಮುರುವು.

ಟಿಟಿಎಲ್ ಜೊತೆಗೆ ಕೇಳಿಬರುವ ಇನ್ನೊಂದು ಹೆಸರು ಹೈಸ್ಪೀಡ್ ಸಿಂಕ್, ಅಂದರೆ ಶಟರ್ ಬಹಳ ವೇಗವಾಗಿದ್ದಾಗಲೂ ಫ್ಲ್ಯಾಶ್ ಬಳಸುವ ಸೌಲಭ್ಯ. ಸಾಮಾನ್ಯವಾಗಿ ಫ್ಲ್ಯಾಶ್ ಹಾಕಿದಾಗ ಶಟರ್ ವೇಗ 1/200ಕ್ಕೋ 1/250ಕ್ಕೋ ನಿಲ್ಲುತ್ತದೆ. ಸೋನಿ ಎ6400ನಂಥದ್ದರಲ್ಲಿ 1/160ಕ್ಕೇ. ನಡುಹಗಲಿನಲ್ಲಿ ಎಫ್/2 ಇಟ್ಟು ಹಿನ್ನೆಲೆ ಮಸುಕಾಗಿಸಿ ಭಾವಚಿತ್ರ ತೆಗೆಯಬೇಕೆಂದರೆ ಇದು ಸಾಲದು, ಹೈಸ್ಪೀಡ್ ಸಿಂಕ್ ಬೇಕು. ಅದನ್ನು ಬಳಸಿದಾಗ ಫ್ಲ್ಯಾಶ್‌ನ ಶಕ್ತಿ ಬಹಳ ಇಳಿಯುತ್ತದೆ ಎಂಬುದೂ ಗೊತ್ತಿರಲಿ. ನಿಕಾನ್ ಡಿ3500, ಡಿ5600 ಇರುವವರು ಗಮನಿಸಬೇಕಾದ ಮಾತು: ಈ ಬಾಡಿಗಳಲ್ಲಿ ಆ ಸೌಲಭ್ಯವೇ ಇಲ್ಲ. ಎಂಥ ಫ್ಲ್ಯಾಶ್ ತಂದು ಕೂರಿಸಿದರೂ ಬರುವುದಿಲ್ಲ. ಅದೊಂದಕ್ಕಾಗಿಯೇ ಹೆಚ್ಚು ಹಣ ತೆರುತ್ತಿದ್ದರೆ ನಿಲ್ಲಿಸಿ.

ಈಗ ಮಾದರಿಗಳು

ಬೆಲೆ ಅಂಗಡಿಯಿಂದ ಅಂಗಡಿಗೆ, ಹಬ್ಬದಿಂದ ಹಬ್ಬಕ್ಕೆ ಏರಿಳಿಯುತ್ತದೆ. ಆದ್ದರಿಂದ ನಾನು ಹೇಳುವುದು ಅಂದಾಜು ಮಟ್ಟ ಮಾತ್ರ.

ಮೂರು ಸಾವಿರದ ಆಸುಪಾಸಿನಲ್ಲಿ ಗೊಡಾಕ್ಸ್ ಟಿಟಿ520ರ ಎರಡನೇ ಆವೃತ್ತಿ ಇದೆ. ಡಿಜಿಟೆಕ್, ಸಿಂಪೆಕ್ಸ್ ಹೆಸರಿನಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುವ ಮಾದರಿಗಳೂ ಇವೆ. ಟಿಟಿ520ರ ತಲೆ ಎರಡೂ ಕಡೆಗೆ ತಿರುಗುತ್ತದೆ, ಶಕ್ತಿಯನ್ನು ಎಂಟು ಮೆಟ್ಟಿಲುಗಳಲ್ಲಿ ಬದಲಿಸಬಹುದು, ಗೈಡ್ ನಂಬರ್ 33. ಕೆಲವು ಪ್ಯಾಕ್‌ಗಳಲ್ಲಿ ಟ್ರಿಗರ್ ಜೊತೆಗೇ ಬರುತ್ತದೆ. ಬೆಳಕಿನ ಪಾಠ ಕಲಿಯುವ ವಿದ್ಯಾರ್ಥಿಗೆ ಇಷ್ಟು ಸಾಕು. ಕೊರತೆಯೆಂದರೆ ಮುಂದೆ ಎರಡನೇ ಫ್ಲ್ಯಾಶ್ ಕೊಂಡಾಗ ಇದು ಗೊಡಾಕ್ಸ್‌ನ ಹೊಸ ರೇಡಿಯೋ ವ್ಯವಸ್ಥೆಯೊಂದಿಗೆ ಮಾತನಾಡುವುದಿಲ್ಲ.

ನನ್ನ ಒಲವು ಐದಾರು ಸಾವಿರದ ಮಟ್ಟದ ಕಡೆಗೆ. ಇಲ್ಲಿ ಎದುರಾಳಿಗಳು ಎರಡೇ, ಟಿಟಿ600 ಮತ್ತು ವೈಎನ್560 ಐವಿ. ಎರಡೂ ಮ್ಯಾನುಯಲ್, ಎರಡರಲ್ಲೂ 2.4 ಗಿಗಾಹರ್ಟ್ಸ್ ರೇಡಿಯೋ ಒಳಗೇ ಇದೆ, ಎರಡಕ್ಕೂ ನಾಲ್ಕು ಎಎ ಸೆಲ್. ಶಕ್ತಿಯಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿಲ್ಲ. ಯಾಂಗ್‌ನುವೊದ ಅನುಕೂಲವೆಂದರೆ ಎರಡು ಕೊಂಡರೆ ಒಂದನ್ನು ಕ್ಯಾಮೆರಾದ ಮೇಲಿಟ್ಟು ಅದರಿಂದಲೇ ಇನ್ನೊಂದರ ಶಕ್ತಿ ಬದಲಿಸಬಹುದು. ಟಿಟಿ600 ಕೂಡ ಇದನ್ನು ಮಾಡುತ್ತದೆ. ಮೇಲಾಗಿ, ಅದನ್ನು ಗೊಡಾಕ್ಸ್ ಟ್ರಿಗರ್‌ನಿಂದ ದೂರದಲ್ಲಿಟ್ಟು ಉರಿಸಿದಾಗ ಹೈಸ್ಪೀಡ್ ಸಿಂಕ್ ಕೂಡ ಸಿಗುತ್ತದೆ. ಕ್ಯಾಮೆರಾದ ಮೇಲೆ ಕೂರಿಸಿದಾಗ ಮಾತ್ರ ಸಿಗುವುದಿಲ್ಲ. ಇನ್ನೂ ಮುಖ್ಯವಾದದ್ದು, ಗೊಡಾಕ್ಸ್‌ನ ಎಕ್ಸ್ ರೇಡಿಯೋ ಅವರ ಸಣ್ಣ ಫ್ಲ್ಯಾಶ್‌ನಿಂದ ದೊಡ್ಡ ಸ್ಟುಡಿಯೋ ದೀಪದವರೆಗೆ ಒಂದೇ. ಬೆಳೆಯುವ ಯೋಚನೆ ಇದ್ದರೆ ಗೊಡಾಕ್ಸ್ ಹಿಡಿಯಿರಿ.

ಆದರೆ ಟಿಟಿ600ಕ್ಕೆ ಎಕ್ಸ್2ಟಿಯಂಥ ಟ್ರಿಗರ್ ಸೇರಿಸಿದರೆ ಖರ್ಚು ಟಿಟಿಎಲ್ ಇರುವ ಟಿಟಿ685ರ ಹತ್ತಿರ, ಹತ್ತು ಸಾವಿರದ ಸುತ್ತ ಬಂದು ನಿಲ್ಲುತ್ತದೆ. ಯಾವುದು ಮೊದಲು? ಕಾರ್ಯಕ್ರಮಗಳ ಚಿತ್ರ ತೆಗೆದು ನಾಲ್ಕು ಕಾಸು ಸಂಪಾದಿಸುವ ಆಲೋಚನೆ ಇದ್ದರೆ ಟಿಟಿ685 ಅಥವಾ ಅದರ ಎರಡನೇ ಆವೃತ್ತಿ. ಕೆಲವು ತಿಂಗಳ ನಂತರ ಒಂದು ಟಿಟಿ600 ಕೊಂಡರೆ, ಕ್ಯಾಮೆರಾ ಮೇಲಿನ 685ರಿಂದಲೇ ಮಂಟಪದ ಮೂಲೆಯಲ್ಲಿ ನಿಲ್ಲಿಸಿದ 600 ಅನ್ನು ಉರಿಸಬಹುದು. ಟ್ರಿಗರ್‌ನ ಹಣ ಉಳಿಯಿತು. ಮನೆಯಲ್ಲಿ ಕೂತು ವಸ್ತುಗಳ, ಮುಖಗಳ ಚಿತ್ರ ತೆಗೆಯುವವರಿಗೆ ಟಿಟಿ600, ಟ್ರಿಗರ್ ಮತ್ತು ಒಂದು ಬಿಳಿ ಕೊಡೆ.

ಚಿಕ್ಕ ಮಿರರ್‌ಲೆಸ್ ಕ್ಯಾಮೆರಾದವರು ಟಿಟಿ350 ನೋಡಬಹುದು. ಎರಡೇ ಸೆಲ್, ಟಿಟಿಎಲ್ ಇದೆ, 105 ಮಿ.ಮೀ.ನಲ್ಲಿ ಗೈಡ್ ನಂಬರ್ 36. ಪ್ರವಾಸಕ್ಕೆ, ಮನೆಯ ಸಮಾರಂಭಕ್ಕೆ ಒಪ್ಪುತ್ತದೆ. ಎತ್ತರದ ಛತ್ರದಲ್ಲಿ ಸುಸ್ತಾಗುತ್ತದೆ.

ಲಿಥಿಯಂ ಬ್ಯಾಟರಿಯ ವಿ860, ದುಂಡು ತಲೆಯ ವಿ1 ನಮ್ಮ ಮಿತಿಯನ್ನು ಬಹಳ ದಾಟುತ್ತವೆ. ತಯಾರಕರ ಲೆಕ್ಕದಲ್ಲಿ ವಿ860ರ ಮೂರನೇ ಆವೃತ್ತಿ ಒಂದು ಚಾರ್ಜ್‌ಗೆ ಪೂರ್ತಿ ಶಕ್ತಿಯ 480 ಮಿಂಚು ಕೊಡುತ್ತದೆ, ನಾಲ್ಕು ಎಎ ಸೆಲ್‌ನ ಫ್ಲ್ಯಾಶ್ 230ರಷ್ಟು. ವಾರಕ್ಕೊಂದು ಮದುವೆ ಹಿಡಿಯುವವರಿಗೆ ಆ ವ್ಯತ್ಯಾಸ ದುಡಿಯುತ್ತದೆ, ಉಳಿದವರಿಗೆ ಇಲ್ಲ. ದುಂಡು ತಲೆಯ ಬಗ್ಗೆ ಹೇಳುವುದಾದರೆ, ಬೆಳಕು ಛಾವಣಿಗೆ ಬಡಿದು ಬಂದ ಮೇಲೆ ತಲೆ ದುಂಡಗಿತ್ತೋ ಚೌಕವಾಗಿತ್ತೋ ಚಿತ್ರ ನೋಡಿ ಹೇಳಬಲ್ಲವರನ್ನು ನಾನು ಕಂಡಿಲ್ಲ.

ಸೆಕೆಂಡ್ ಹ್ಯಾಂಡ್

ನಿಕಾನ್ ಎಸ್‌ಬಿ-700, ಕ್ಯಾನನ್ 430ಇಎಕ್ಸ್‌ನಂಥ ಮೂಲ ಕಂಪನಿಯ ಹಳೆಯ ಫ್ಲ್ಯಾಶ್‌ಗಳು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬಾರದು. ಸೆಲ್ ಹಾಕುವ ಗೂಡಿನಲ್ಲಿ ಹಸಿರು ಕಿಲುಬು, ಬಿಳಿ ಪುಡಿ ಇದೆಯೇ ನೋಡಿ; ಕಾಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆಯೇ, ಒಳಗಿನ ಗಾಜಿನ ನಳಿಗೆ ಕಪ್ಪಾಗಿದೆಯೇ ನೋಡಿ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದದ್ದು ಮೊದಲ ಬಾರಿ ಚಾರ್ಜ್ ಆಗಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದು ಸಹಜ, ನಾಲ್ಕಾರು ಮಿಂಚಿನ ನಂತರವೂ ಹಾಗೆಯೇ ಇದ್ದರೆ ಬೇಡ.

ಆದರೆ ಫಿಲ್ಮ್ ಕಾಲದ, ಅಜ್ಜನ ಪೆಟಾರಿಯಿಂದ ಬಂದ ಫ್ಲ್ಯಾಶ್ ಅನ್ನು ಡಿಜಿಟಲ್ ಕ್ಯಾಮೆರಾದ ಮೇಲೆ ಹಾಗೆಯೇ ಕೂರಿಸಬೇಡಿ. ಆಗಿನ ಕೆಲವು ಫ್ಲ್ಯಾಶ್‌ಗಳ ಕಾಲಿನ ಚುಕ್ಕೆಯಲ್ಲಿ 200 ವೋಲ್ಟ್‌ಗಿಂತ ಹೆಚ್ಚು ಇರುತ್ತದೆ, ಈಗಿನ ಸೂಕ್ಷ್ಮ ಸರ್ಕೀಟ್ ಸುಡಬಹುದು. ಕೆಟ್ಟ ಫ್ಲ್ಯಾಶ್ ಅನ್ನು ಮನೆಯಲ್ಲಿ ಬಿಚ್ಚುವ ಸಾಹಸವೂ ಬೇಡ. ಸೆಲ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರ್‌ನಲ್ಲಿ ಜೋರಾಗಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಸೆಲ್‌ಗೂ ಹಣ ಎತ್ತಿಡಿ

ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಹಾಕಿ ‘ಈ ಫ್ಲ್ಯಾಶ್ ನಿಧಾನ’ ಎಂದು ದೂರುವವರು ಬಹಳ. ಬಳಸಿ ಬಿಸಾಡುವ ಸೆಲ್‌ಗಳು ಫ್ಲ್ಯಾಶ್ ಕೇಳುವಷ್ಟು ವಿದ್ಯುತ್ತನ್ನು ಒಮ್ಮೆಗೇ ಕೊಡಲಾರವು. ಮರುಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು 1.5ರ ಬದಲು 1.2 ವೋಲ್ಟ್‌ನವಾದರೂ ಈ ಕೆಲಸಕ್ಕೆ ಅವೇ ಸರಿ. ಪ್ಯಾನಸಾನಿಕ್ ಎನೆಲೂಪ್ ದುಬಾರಿ ಎನಿಸಿದರೂ, ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಟ್ಟರೂ ಸೋರುವುದು ಕಡಿಮೆ. ಎಂಟು ಸೆಲ್ ಕೊಳ್ಳಿ, ನಾಲ್ಕು ನಾಲ್ಕರ ಎರಡು ಜೊತೆ ಮಾಡಿ, ಒಂದರದ್ದನ್ನು ಇನ್ನೊಂದಕ್ಕೆ ಬೆರೆಸಬೇಡಿ. 14500 ಎಂದು ಬರೆದ, ನೋಡಲು ಎಎ ಸೆಲ್‌ನಷ್ಟೇ ಇರುವ ಲಿಥಿಯಂ ಸೆಲ್‌ಗಳನ್ನು ಯಾರಾದರೂ ‘ಜೋರಾಗಿವೆ’ ಎಂದು ಕೊಟ್ಟರೆ ಮುಟ್ಟಬೇಡಿ. ಒಂದೊಂದೂ 3.7 ವೋಲ್ಟ್, ನಾಲ್ಕು ಸೇರಿದರೆ ಫ್ಲ್ಯಾಶ್ ಕತೆ ಮುಗಿಯಿತು.

ಅಂಗಡಿಗೆ ಹೋಗುವಾಗ ಈ ಚಾರ್ಜ್ ಮಾಡಿದ ಸೆಲ್‌ಗಳನ್ನೂ ನಿಮ್ಮ ಕ್ಯಾಮೆರಾವನ್ನೂ ಒಯ್ಯಿರಿ. ಫ್ಲ್ಯಾಶ್ ಕೂರಿಸಿ ಬಿಗಿ ಮಾಡಿ, ಅಲುಗಾಡಿಸಿ ನೋಡಿ. ಕ್ಯಾಮೆರಾದ ಬಟನ್ ಒತ್ತಿಯೇ ಉರಿಸಿ. ಫ್ಲ್ಯಾಶ್ ಹಿಂದಿನ ಟೆಸ್ಟ್ ಬಟನ್ ಒತ್ತಿ ತೋರಿಸುವುದು ಶೂನಲ್ಲಿ ಸಂಪರ್ಕ ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ತಲೆಯನ್ನು ಪ್ರತಿ ಕೋನಕ್ಕೂ ತಿರುಗಿಸಿ, ಬಿಟ್ಟಲ್ಲಿ ನಿಲ್ಲುತ್ತದೆಯೇ ಎಂದು ನೋಡಿ. ಪೂರ್ತಿ ಶಕ್ತಿಯಲ್ಲಿ ಐದಾರು ಬಾರಿ ಉರಿಸಿ, ಸಿದ್ಧವಾಗುವ ಹೊತ್ತು ಎಣಿಸಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಕಾರ್ಡಿಗೆ ಮೊಹರು ಹಾಕಿಸಿಕೊಳ್ಳಿ. ‘ಬಿಲ್ ಬೇಡ ಅಂದರೆ ಐನೂರು ಕಡಿಮೆ’ ಎಂಬ ಮಾತು ಬಂದರೆ ಪಕ್ಕದ ಅಂಗಡಿಗೆ ನಡೆಯಿರಿ.